ಸೋಗಾನೆಗೆ ಬಸ್ಸು ಹತ್ತುವವರಿಗೆ

ಬಳ್ಳಿಗಾವಿ, ತಾಳಗುಂದ, ಶಿರಾಳಕೊಪ್ಪ, ಆನವಟ್ಟಿ, ಸೊರಬ, ಶಿಕಾರಿಪುರ ಸೀಮೆಯಲ್ಲಿ ಮನೆಯವರೊಬ್ಬರು ಜೈಲಿನಲ್ಲಿರುವ ಎಲ್ಲ ಕುಟುಂಬಗಳಿಗೆ,



ಹೆಸರು ಹಿಡಿದು ಒಬ್ಬೊಬ್ಬರಿಗೆ ಬರೆಯುವ ಕಾಗದವಲ್ಲ ಇದು. ಯಾರ ಮನೆಯವರು ಒಳಗಿದ್ದಾರೆ ಎಂದು ನನಗೆ ಗೊತ್ತಿದ್ದರೂ ಬಾಯಿ ಬಿಡುವಂತಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಪಕ್ಕದ ಮನೆಗೂ ಹೇಳಿಲ್ಲ. ಶಿರಾಳಕೊಪ್ಪದಲ್ಲಿ ಬಸ್ಸು ಹತ್ತಿ, ಶಿಕಾರಿಪುರ ದಾಟಿ, ಶಿವಮೊಗ್ಗದಲ್ಲಿ ಇಳಿದು, ಅಲ್ಲಿಂದ ಸೋಗಾನೆಗೆ ಹೋಗುವವರು ದಾರಿಯಲ್ಲಿ ಪರಿಚಯದವರು ಸಿಕ್ಕರೆ "ಮೆಗ್ಗಾನ್ ಆಸ್ಪತ್ರೆಗೆ ಹೊರಟಿದ್ವಿ" ಅನ್ನುತ್ತೀರಿ. ಹಾಗಾಗಿ ಎಲ್ಲರಿಗೂ ಸೇರಿಸಿ ಬರೆದಿದ್ದೇನೆ. ಓದಿ ಮಡಚಿಟ್ಟರೆ ಯಾರೂ ಕೇಳುವುದಿಲ್ಲ.

ನಾನು ಬಳ್ಳಿಗಾವಿಯ ಮಗಳು. ಓದಿದ್ದು ಕ್ಲಿನಿಕಲ್ ಸೈಕಾಲಜಿ. ರಾಜ್ಯದ ಬೇರೆಬೇರೆ ಕಾರಾಗೃಹಗಳಲ್ಲಿ ಬಂದಿಗಳ ಜೊತೆ ಕೂತು ಮಾತನಾಡುವ ಆಪ್ತಸಮಾಲೋಚಕರ ಕೆಲಸವನ್ನು ನೋಡಿಕೊಳ್ಳುವುದು, ತಿದ್ದುವುದು, ಅವರಿಗೆ ಬೆನ್ನಾಗಿ ನಿಲ್ಲುವುದು ನನ್ನ ಪಾಲಿಗೆ ಬಂದ ಕೆಲಸ. ಊರಲ್ಲಿ "ಜೈಲು ಮೇಡಂ" ಅಂತಲೇ ಹೆಸರು. ಜಾತ್ರೆಗೋ ಮದುವೆಗೋ ಬಂದಾಗ ಯಾರಾದರೂ ನನ್ನನ್ನು ಪಕ್ಕಕ್ಕೆ ಕರೆದರೆ ಏನು ಕೇಳುತ್ತಾರೆ ಎಂದು ಈಗೀಗ ಮೊದಲೇ ಗೊತ್ತಾಗುತ್ತದೆ. "ಒಳಗೆ ಹೊಡೀತಾರಾ?" ಮತ್ತು "ನೀವೊಂದು ಮಾತು ಹೇಳಿದ್ರೆ ಬೇಲ್ ಆಗ್ತದಾ?"

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆಗುವುದಿಲ್ಲ. ಬೇಲ್ ಕೊಡುವುದು ಕೋರ್ಟು. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕದ ತಟ್ಟಿ. ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯೇ ಹೇಳುತ್ತದೆ. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಬಗ್ಗೆಯೂ ಆ ವಕೀಲರನ್ನು ಕೇಳಿ. ಮೊದಲ ಸಲ ಕೇಸಿನಲ್ಲಿ ಸಿಕ್ಕವರು, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ವಿಚಾರಣಾಧೀನರಾಗಿಯೇ ಕಳೆದಿದ್ದರೆ ಬಿಡುಗಡೆಗೆ ಅದರಲ್ಲಿ ದಾರಿಯಿದೆ. ಮರಣದಂಡನೆ, ಜೀವಾವಧಿ ಇರುವ ಕೇಸುಗಳಿಗೆ ಅದು ಅನ್ವಯಿಸುವುದಿಲ್ಲ, ಒಂದಕ್ಕಿಂತ ಹೆಚ್ಚು ಕೇಸು ಮೈಮೇಲಿದ್ದರೂ ಸಿಗುವುದಿಲ್ಲ. ಇನ್ನು ಹೊಡೆತದ ಮಾತು. ಮೈಮೇಲೆ ಗಾಯ ಕಂಡರೆ ವಕೀಲರ ಮೂಲಕ ನ್ಯಾಯಾಧೀಶರ ಕಿವಿಗೆ ಹಾಕಿಸಿ. "ದೊಡ್ಡವರ ಗೊಡವೆ ಯಾಕೆ" ಎಂದು ನುಂಗಿಕೊಂಡು ಬಂದರೆ ಅದರಿಂದ ಒಳಗಿರುವವನಿಗೆ ಏನೂ ಉಪಕಾರವಾಗುವುದಿಲ್ಲ.

ಈಗ ನಮ್ಮ ಕೆಲಸದ ವಿಷಯಕ್ಕೆ ಬರುತ್ತೇನೆ. ನಮ್ಮ ಬಗ್ಗೆ ನಿಮಗೆ ಎರಡು ತಪ್ಪು ತಿಳಿವಳಿಕೆ ಇದೆ. ಹುಚ್ಚು ಹಿಡಿದವರನ್ನು ಮಾತ್ರ ನಾವು ನೋಡುತ್ತೇವೆ ಎನ್ನುವುದು ಒಂದು. ಮಾತಾಡಿಸಿ ಸತ್ಯ ಹೊರಡಿಸಿ ಪೊಲೀಸರಿಗೆ ಕೊಡುತ್ತೇವೆ ಎನ್ನುವುದು ಇನ್ನೊಂದು. ಇವೆರಡರ ನಡುವೆ ಸಿಕ್ಕಿ, ನಿಮ್ಮ ಹುಡುಗ ನಮ್ಮ ಹತ್ತಿರ ಬರಲು ಹೆದರುತ್ತಾನೆ. ನೀವೂ "ಅವರ ಹತ್ರ ಜಾಸ್ತಿ ಮಾತಾಡಬೇಡ" ಎಂದು ಹೇಳಿಕೊಟ್ಟು ಹೋಗಿರುತ್ತೀರಿ.

ಹೊಸದಾಗಿ ಒಳಗೆ ಬಂದವನ ಜೊತೆ ಸಮಾಲೋಚಕರು ಮೊದಲು ಮಾಡುವ ಕೆಲಸ ಬಹಳ ಸಾದಾ. ಊಟ ಮಾಡಿದೆಯಾ, ರಾತ್ರಿ ಮಲಗಿದೆಯಾ, ಮನೆಗೆ ಸುದ್ದಿ ಮುಟ್ಟಿದೆಯಾ, ಮೊದಲು ಯಾವತ್ತಾದರೂ ಜೀವ ಕಳೆದುಕೊಳ್ಳಲು ನೋಡಿದ್ದೆಯಾ, ಈಗ ಹಾಗೆ ಅನ್ನಿಸುತ್ತಿದೆಯಾ. ಕೊನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು ಹೊಸ ಸಮಾಲೋಚಕರು ಅಂಜುತ್ತಾರೆ, ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾದೀತು ಎಂಬ ಭಯ. ಹಾಗಾಗುವುದಿಲ್ಲ. ನೇರವಾಗಿ ಕೇಳಿದವರ ಮುಂದೆಯೇ ಜನ ಉಸಿರು ಬಿಡುತ್ತಾರೆ. ಇದನ್ನು ಕಲಿಸುವುದೇ ನನ್ನ ಕೆಲಸದಲ್ಲಿ ದೊಡ್ಡ ಭಾಗ. ಜೈಲಿನ ಅಸಹಜ ಸಾವುಗಳಲ್ಲಿ ಹೆಚ್ಚಿನವು ಆತ್ಮಹತ್ಯೆಗಳು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ವರ್ಷಗಳಿಂದ ತೋರಿಸುತ್ತಿವೆ. ಬಂದ ಮೊದಲ ಕೆಲವು ದಿನಗಳು, ಜಾಮೀನು ಅರ್ಜಿ ವಜಾ ಆದ ದಿನ, ತೀರ್ಪಿನ ದಿನ, ಮನೆಯಿಂದ ಕೆಟ್ಟ ಸುದ್ದಿ ಬಂದ ದಿನ ಎಚ್ಚರವಾಗಿರಬೇಕು ಎಂದು ಲೋಕದ ಎಲ್ಲ ಜೈಲುಗಳ ಅನುಭವವೂ ಹೇಳುತ್ತದೆ.

ವಾರಕ್ಕೊಮ್ಮೆ ಸಮಾಲೋಚಕರೆಲ್ಲ ಒಂದು ಕೋಣೆಯಲ್ಲಿ ಸೇರುತ್ತೇವೆ. ಒಬ್ಬೊಬ್ಬರೂ ತಾವು ಕಂಡ ಬಂದಿಯ ವಿಷಯವನ್ನು, ಹೆಸರು ಹೇಳದೆ, ಮುಂದಿಡುತ್ತಾರೆ. ನಾನು ಕೇಳಿಸಿಕೊಳ್ಳುತ್ತೇನೆ. ಹೆಚ್ಚಿನ ಬಂದಿಗಳ ಮುಖವನ್ನೇ ನಾನು ನೋಡಿರುವುದಿಲ್ಲ. ಇನ್ನೊಬ್ಬರ ಕಣ್ಣಿಂದ ನೋಡಿ, ಇನ್ನೊಬ್ಬರ ಟಿಪ್ಪಣಿ ಓದಿ, ಎಲ್ಲಿ ಏನು ತಪ್ಪಿಹೋಗಿದೆ ಎಂದು ಹುಡುಕುವ ಕೆಲಸ ಇದು. ಅಂಥ ಒಂದು ಬೆಳಗಿನ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಚುರುಕು ಹುಡುಗಿ ಒಬ್ಬಳು ತರಬೇತಿಗೆ ಬಂದಿದ್ದಳು. ಅವಳು ನೋಡುತ್ತಿದ್ದ ಬಂದಿ ಐವತ್ತರ ಆಸುಪಾಸಿನ ರೈತ, ಜಮೀನಿನ ಬದುವಿನ ಜಗಳದಲ್ಲಿ ದಾಯಾದಿಗೆ ಏಟು ಹಾಕಿ ಬಂದವನು. ವಾರವಾರವೂ ಅವನದು ಒಂದೇ ಬೇಡಿಕೆ, ನಿದ್ದೆ ಮಾತ್ರೆ ಕೊಡಿಸಿ. ಇವಳು ಟಿಪ್ಪಣಿಯಲ್ಲಿ, ಇವನು ಮಾತ್ರೆಗಾಗಿ ಆಟ ಕಟ್ಟುತ್ತಿದ್ದಾನೆ ಎನ್ನುವ ಅರ್ಥದಲ್ಲಿ ಬರೆದಿದ್ದಳು. ಜೈಲಿನಲ್ಲಿ ಮಾತ್ರೆ ಕೈಯಿಂದ ಕೈಗೆ ಮಾರಾಟವಾಗುವುದೂ ಉಂಟು, ಹಾಗಾಗಿ ಅವಳ ಅನುಮಾನ ಅಸಂಬದ್ಧವೇನಲ್ಲ.

"ಎಷ್ಟು ಹೊತ್ತಿಗೆ ಎಚ್ಚರ ಆಗ್ತದಂತೆ?" ಎಂದು ಕೇಳಿದೆ.

"ಎರಡು ಗಂಟೆಗೆ ಮೇಡಂ. ದಿನಾ ಎರಡಕ್ಕೇ. ಅದೇ ಅನುಮಾನ ನನಗೆ, ಗಡಿಯಾರ ಇಟ್ಟ ಹಾಗೆ."

"ಎದ್ದು ಏನು ಮಾಡ್ತಾನೆ?"

"ಬಾಗಿಲ ಸರಳಿನ ಹತ್ರ ಹೋಗಿ ನಿಲ್ತಾನಂತೆ. ಏನೋ ಕೇಳಿಸಿಕೊಳ್ಳೋ ಥರ."

ಕೋಣೆಯಲ್ಲಿದ್ದ ಇನ್ನೊಬ್ಬ ಸಮಾಲೋಚಕ, ಹಾವೇರಿ ಕಡೆಯವನು, ನಕ್ಕುಬಿಟ್ಟ. "ತ್ರೀ ಫೇಸ್ ಬರೋ ಹೊತ್ತು ಅದು" ಅಂದ. ನಿಮಗೆ ಬಿಡಿಸಿ ಹೇಳಬೇಕಿಲ್ಲ. ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ಕರೆಂಟು ಕೊಡುವ ಊರುಗಳಲ್ಲಿ ಗಂಡಸರು ನಡುರಾತ್ರಿ ಎದ್ದು ಟಾರ್ಚು ಹಿಡಿದು ಮೋಟಾರು ಹಾಕಲು ಹೋಗುತ್ತಾರೆ. ಇಪ್ಪತ್ತು ವರ್ಷ ಹಾಗೆ ಎದ್ದ ಮೈ ಜೈಲಿನಲ್ಲೂ ಅದೇ ಹೊತ್ತಿಗೆ ಏಳುತ್ತದೆ. ಎದ್ದಮೇಲೆ ಹೋಗಲು ತೋಟವಿಲ್ಲ, ಕೇಳಲು ಮೋಟಾರಿಲ್ಲ, ಬೆಳಗಿನವರೆಗೆ ಉಳಿದದ್ದು ಆ ಏಟಿನ ನೆನಪು ಮಾತ್ರ. ಮುಂದಿನ ವಾರ ಆ ಹುಡುಗಿ ಹೋಗಿ ಮಾತ್ರೆಯ ಮಾತೆತ್ತದೆ ತೋಟದಲ್ಲಿ ಏನು ಬೆಳೆಯುತ್ತೀರಿ ಎಂದು ಕೇಳಿದಳು. ಶುಂಠಿ ಹಾಕಿದ್ದನಂತೆ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಮನೆಯಲ್ಲಿ ಹೆಂಗಸರಿಗೆ ಅದರ ಅಂದಾಜಿಲ್ಲ ಎಂದು ಒಂದೇ ಸಮನೆ ಹೇಳಿಕೊಂಡು, ಕೊನೆಗೆ ಮೊದಲ ಸಲ ದಾಯಾದಿಯ ಹೆಸರು ಹಿಡಿದು ಅತ್ತನಂತೆ. ನಿದ್ದೆ ತಕ್ಷಣ ಬರಲಿಲ್ಲ. ಆದರೆ ಯಾವುದಕ್ಕೆ ಚಿಕಿತ್ಸೆ ಬೇಕು ಅನ್ನುವುದು ಗೊತ್ತಾಯಿತು.

ಇದನ್ನು ನಮ್ಮ ಜಾಣತನ ತೋರಿಸಲು ಹೇಳುತ್ತಿಲ್ಲ. ಹಾವೇರಿಯ ಆ ಹುಡುಗ ಅವತ್ತು ರಜೆ ಹಾಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಆ ರೈತನ ಮನೆಯವರನ್ನು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದರು. ನಮ್ಮ ಹತ್ತಿರ ಇಲ್ಲದ ಇಂಥ ತಿಳಿವಳಿಕೆ ನಿಮ್ಮ ಹತ್ತಿರ ಇದೆ. ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ.

ಅದರಲ್ಲೂ ಕುಡಿತದ ವಿಷಯ. ದಿನಾ ಕುಡಿಯುವವನನ್ನು ಒಮ್ಮೆಲೇ ಒಳಗೆ ಹಾಕಿದರೆ ಎರಡು ಮೂರು ದಿನದಲ್ಲಿ ಕೈಕಾಲು ನಡುಗುತ್ತದೆ, ಬೆವರುತ್ತಾನೆ, ಕೆಲವರಿಗೆ ಮೂರ್ಛೆ ಬರುತ್ತದೆ, ಇಲ್ಲದ್ದು ಕಾಣುತ್ತದೆ, ಇಲ್ಲದ್ದು ಕೇಳುತ್ತದೆ. ದೆವ್ವ ಮೆಟ್ಟಿತು ಅನ್ನುತ್ತಾರೆ ಅಕ್ಕಪಕ್ಕದವರು, ನಾಟಕ ಅನ್ನುತ್ತಾರೆ ಕೆಲವರು. ಅದು ಜೀವಕ್ಕೇ ಅಪಾಯ ತರುವ ಸ್ಥಿತಿ, ಔಷಧ ಕೊಟ್ಟರೆ ಹತೋಟಿಗೆ ಬರುತ್ತದೆ. ಆದರೆ ಜೈಲು ಆಸ್ಪತ್ರೆಯ ವೈದ್ಯರು ಕೇಳಿದಾಗ ಅವನು ನಾಚಿಕೆಗೆ "ಯಾವಾಗಾದ್ರೂ ಒಂದ್ಸಲ" ಅಂದಿರುತ್ತಾನೆ. ಕೇಸಿಗೆ ತೊಂದರೆ ಆದೀತೆಂದು ನೀವೂ ಮುಚ್ಚಿಟ್ಟಿರುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ದಿನವೇ ವೈದ್ಯರಿಗೆ ಹೇಳಿ: ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ. ಮೂರ್ಛೆರೋಗ, ಸಕ್ಕರೆ ಕಾಯಿಲೆ, ಮನೋವೈದ್ಯರು ಬರೆದ ಮಾತ್ರೆ ಇದ್ದರೆ ಅದನ್ನೂ ಹೇಳಿ, ಚೀಟಿ ಇದ್ದರೆ ಕೊಡಿ. ಮಾತ್ರೆ ಬರೆಯುವುದು ಮನೋವೈದ್ಯರು, ನಾವಲ್ಲ. ಆದರೆ ಯಾರನ್ನು ಅವರ ಹತ್ತಿರ ಬೇಗ ಕಳಿಸಬೇಕು ಎಂದು ಗುರುತಿಸುವ ಹೊಣೆ ನಮ್ಮದು.

ನಿಮ್ಹಾನ್ಸ್‌ನ ಮನೋವೈದ್ಯರ ತಂಡ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ತಂದಿತು. ಕುಡಿತ, ತಂಬಾಕು, ಗಾಂಜಾದಂಥ ಚಟಗಳನ್ನು ಲೆಕ್ಕದಿಂದ ಬಿಟ್ಟರೂ ನೂರಕ್ಕೆ 27.6 ಜನರಲ್ಲಿ ಚಿಕಿತ್ಸೆ ಬೇಕಾದ ಮಾನಸಿಕ ತೊಂದರೆ ಇತ್ತು. ಚಟಗಳನ್ನೂ ಸೇರಿಸಿದರೆ ಅದು ನೂರಕ್ಕೆ ಸುಮಾರು 80. ಈಗ ಇನ್ನೊಂದು ಲೆಕ್ಕ ಪಕ್ಕದಲ್ಲಿಡಿ. 2016ರ ಮಾದರಿ ಕಾರಾಗೃಹ ಕೈಪಿಡಿಯ ಪ್ರಕಾರ 500 ಬಂದಿಗಳಿಗೆ ಒಬ್ಬರಾದರೂ ಮನಃಶಾಸ್ತ್ರಜ್ಞರು ಬೇಕು. 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಹೇಳುವಂತೆ ದೇಶದ 5.7 ಲಕ್ಷ ಬಂದಿಗಳಿಗೆ ಇರುವ ಮನಃಶಾಸ್ತ್ರಜ್ಞರು, ಮನೋವೈದ್ಯರು ಒಟ್ಟು 25 ಜನ. ಲಕ್ಷ ಅಲ್ಲ, ಸಾವಿರ ಅಲ್ಲ, ಇಪ್ಪತ್ತೈದು. ಉಳಿದ ಕೆಲಸ ನಡೆಯುತ್ತಿರುವುದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಿಂದ ವಾರಕ್ಕೋ ಹದಿನೈದು ದಿನಕ್ಕೋ ಬರುವವರಿಂದ, ಸಂಘಸಂಸ್ಥೆಗಳ ಸಮಾಲೋಚಕರಿಂದ, ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳಿಂದ. "ನಮ್ ಹುಡುಗನ್ನ ಯಾಕೆ ತಿಂಗಳಿಗೊಂದ್ಸಲ ಮಾತ್ರ ನೋಡಿದ್ರಿ" ಎಂದು ನೀವು ಸಿಟ್ಟಾದರೆ ಆ ಸಿಟ್ಟು ನ್ಯಾಯವೇ.

ಕಾನೂನು ನಿಮ್ಮ ಕಡೆಗಿದೆ ಎಂದೂ ತಿಳಿದಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಮು ಜೈಲಿನಲ್ಲಿರುವ ಮಾನಸಿಕ ರೋಗಿಗಳಿಗಾಗಿಯೇ ಇದೆ. ಅವರನ್ನು ಜೈಲಿನ ವೈದ್ಯಕೀಯ ವಿಭಾಗದ ಮನೋರೋಗ ವಾರ್ಡಿಗೆ ಸೇರಿಸಬೇಕು, ಆ ಅನುಕೂಲವಿಲ್ಲದಿದ್ದರೆ ಅದೇ ಕಾಯ್ದೆಯಡಿಯ ಮಂಡಳಿಯ ಅನುಮತಿ ಪಡೆದು ಹೊರಗಿನ ಸಂಸ್ಥೆಗೆ ಕಳಿಸಬೇಕು. ಅದೇ ವರ್ಷ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟ್, 1,382 ಜೈಲುಗಳ ದುಃಸ್ಥಿತಿಯ ಪ್ರಕರಣದಲ್ಲಿ, ಮೊದಲ ಸಲ ಜೈಲಿಗೆ ಬಂದವರಿಗೆ ಸಮಾಲೋಚಕರನ್ನು ನೇಮಿಸಿ ಎಂದು ರಾಜ್ಯಗಳಿಗೆ ಹೇಳಿತು. ಮನೆಯವರು ಬರವಣಿಗೆಯಲ್ಲಿ ಕೇಳಿದರೆ ಕಡತ ಸ್ವಲ್ಪ ಬೇಗ ಸರಿಯುತ್ತದೆ. ಇದು ಯಾವ ಕೈಪಿಡಿಯಲ್ಲೂ ಇಲ್ಲದ ನನ್ನ ಸ್ವಂತ ಅನುಭವ.

ಗುಟ್ಟಿನ ವಿಷಯ. ಅವನು ಸಮಾಲೋಚಕರಿಗೆ ಹೇಳಿದ್ದು ನಿಮಗೂ ಸಿಗುವುದಿಲ್ಲ, ಜೈಲರಿಗೂ ಸಿಗುವುದಿಲ್ಲ. ಅಮ್ಮಂದಿರಿಗೆ ಇದರಿಂದ ಬೇಸರ. "ಹೆತ್ತವಳಿಗೆ ಹೇಳದ್ದು ನಿಮ್ಗೆ ಹೇಳಿದ್ನಾ" ಅನ್ನುತ್ತೀರಿ. ಹೆತ್ತವಳಾದ್ದರಿಂದಲೇ ಹೇಳಿರುವುದಿಲ್ಲ, ತಾಯೀ. ಆದರೆ ಈ ಗುಟ್ಟಿಗೂ ಗಡಿಯಿದೆ, ಅದನ್ನು ಮೊದಲ ದಿನವೇ ಅವನಿಗೆ ತಿಳಿಸಿರುತ್ತೇವೆ. ಅವನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಎಂದು ಕಂಡರೆ ಸುಮ್ಮನಿರುವುದಿಲ್ಲ. ಕೋರ್ಟು ಕೇಳಿದ ವರದಿಗೆ ಉತ್ತರ ಕೊಡಲೇಬೇಕು. ಚಿಕಿತ್ಸೆ ಕೊಡುವವರೇ ವರದಿಯನ್ನೂ ಬರೆಯುವಂತಾದರೆ ಅವನು ಮುಂದೆ ಬಾಯಿ ಬಿಡುವುದಿಲ್ಲ, ಹಾಗಾಗಿ ಆ ಎರಡು ಕೆಲಸಗಳನ್ನು ಬೇರೆಬೇರೆಯವರಿಗೆ ಹಂಚಲು ನಾನು ಪಟ್ಟು ಹಿಡಿಯುತ್ತೇನೆ. ಕಡತದಲ್ಲಿ ಏನು ಬರೆಯಬೇಕು ಎನ್ನುವುದಕ್ಕಿಂತ ಏನು ಬರೆಯಬಾರದು ಎಂಬ ಬಗ್ಗೆಯೇ ನಮ್ಮ ಕೋಣೆಯಲ್ಲಿ ಹೆಚ್ಚು ಜಗಳ. ಸಮಾಲೋಚಕರ ಕೈಲಿ ಬೀಡಿ, ದುಡ್ಡು, ಚೀಟಿ ಒಳಗೆ ಕಳಿಸುವ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಒಂದು ಸಲ ಸಿಕ್ಕಿಬಿದ್ದರೆ ಆ ಜೈಲಿಗೆ ಸಮಾಲೋಚಕರು ಕಾಲಿಡುವುದೇ ನಿಂತುಹೋದೀತು.

ಸಮಾಲೋಚಕರೂ ಮನುಷ್ಯರೇ ತಾನೆ. ಕೂಸಿನ ಮೇಲೆ ಕೈ ಮಾಡಿದವನ ಮುಂದೆ ಕೂತು ಬಂದವಳು ಮೂರು ದಿನ ಊಟ ಬಿಟ್ಟದ್ದನ್ನು ನೋಡಿದ್ದೇನೆ. ಇನ್ನೊಬ್ಬ, ತನ್ನ ತಮ್ಮನ ವಯಸ್ಸಿನ ಬಂದಿಗಾಗಿ ಸ್ವಂತ ಜೇಬಿನಿಂದ ವಕೀಲರ ಫೀಜು ಕಟ್ಟಲು ಹೊರಟಿದ್ದ. ಇಬ್ಬರನ್ನೂ ತಡೆದು ಕೂರಿಸಿ ಕೇಳಿಸಿಕೊಳ್ಳುವುದು ಮೇಲ್ವಿಚಾರಕರ ಕೆಲಸ. ರಾತ್ರಿ ಪಾಳಿ ಮೇಲೆ ರಾತ್ರಿ ಪಾಳಿ ಮಾಡುವ ವೀಕ್ಷಕರು, ಅಂದರೆ ನೀವು ವಾರ್ಡರ್ ಅನ್ನುವವರು, ಅವರಲ್ಲೂ ಕೆಲವರು ಪಾಳಿ ಮುಗಿಸಿ ಬಂದು ನಮ್ಮ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಅದು ಬೇರೆಯೇ ಪತ್ರದ ವಿಷಯ.

ಈಗ ನಿಮ್ಮನ್ನು ನಿಜವಾಗಿ ಕೇಳಬೇಕಾದ ಮಾತು. ನೋಡಲು ಬರುವುದನ್ನು ಯಾಕೆ ನಿಲ್ಲಿಸುತ್ತೀರಿ?

ದುಡ್ಡು, ದಾರಿ ಎರಡೂ ಗೊತ್ತು. ಬಳ್ಳಿಗಾವಿಯಿಂದ ಹೋಗಿ ಬರಲು ಒಂದಿಡೀ ದಿನ, ಒಂದು ದಿನದ ಕೂಲಿ, ಇಬ್ಬರ ಬಸ್ಸು ಚಾರ್ಜು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಆದರೆ ನಮ್ಮ ಕಡೆ ಖಾಸಗಿ ಬಸ್ಸೇ ಹೆಚ್ಚು. ಇಷ್ಟಾದರೂ ಬರುವವರು ಮೊದಲ ಆರು ತಿಂಗಳು ಬರುತ್ತಾರೆ. ಆಮೇಲೆ ನಿಲ್ಲುವುದು ಬಸ್ಸಿನ ಕಾರಣಕ್ಕಲ್ಲ. ಮನೆಯಲ್ಲಿ ಇನ್ನೊಂದು ಮದುವೆ ಮಾತುಕತೆ ಬಂದಿರುತ್ತದೆ. "ಹುಡುಗನ ಅಣ್ಣ ಎಲ್ಲಿ?" ಎಂದು ಬೀಗರು ಕೇಳಿದಾಗ "ಗೋವಾದಲ್ಲಿ ಕೆಲಸ" ಅಂದಿರುತ್ತೀರಿ. ಒಂದು ಸಲ ಗೋವಾಕ್ಕೆ ಕಳಿಸಿದ ಮೇಲೆ ಸೋಗಾನೆಯ ಬಸ್ಸು ಹತ್ತುವುದು ಕಷ್ಟವಾಗುತ್ತದೆ. ಒಳಗಿರುವವನಿಗೆ ಇದು ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ಹೊಸದಾಗಿ ಬರುವ ಬಂದಿಗಳಲ್ಲಿ ನಿಮ್ಮೂರಿನವನೊಬ್ಬ ಇದ್ದೇ ಇರುತ್ತಾನೆ. ಮನೆಯವರು ತನ್ನನ್ನು ಇಲ್ಲವಾಗಿಸಿದ್ದಾರೆ ಎಂದು ಕೇಳಿದ ವಾರವೇ ಅವನು ನಮ್ಮ ಎಚ್ಚರಿಕೆಯ ಪಟ್ಟಿಗೆ ಸೇರುತ್ತಾನೆ.

ಶಿಕಾರಿಪುರ ತಾಲ್ಲೂಕಿಗೆ ಜೈಲು ಹೊಸತೇನಲ್ಲ. 1942ರಲ್ಲಿ ಈಸೂರು ತನ್ನದೇ ಸರ್ಕಾರ ಸಾರಿಕೊಂಡಿತು. ಗಲಭೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ಜೀವಾವಧಿ ಶಿಕ್ಷೆಯಾದವರಲ್ಲಿ ಹೆಂಗಸರೂ ಇದ್ದರು. ಆ ಮನೆಗಳು ಇಂದಿಗೂ ತಲೆಯೆತ್ತಿ ಆ ಹೆಸರು ಹೇಳುತ್ತವೆ. ದೇಶಕ್ಕಾಗಿ ಜೈಲಿಗೆ ಹೋದವರನ್ನೂ ಬದುವಿನ ಜಗಳಕ್ಕೆ ಹೋದವರನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಗಂಡ, ಮಗ ಜೈಲಿನಲ್ಲಿರುವ ಮನೆಗೆ ರಾಗಿ, ಭತ್ತ ಅಳೆದು ಕೊಡುವುದು, ಮಕ್ಕಳನ್ನು ನೋಡಿಕೊಳ್ಳುವುದು ಊರಿಗೆ ಬಾರದ ವಿದ್ಯೆಯೇನಲ್ಲ. ಆ ಮನೆಯ ಹೆಂಗಸು, ಮಕ್ಕಳು ಅಂದೂ ಯಾವ ತಪ್ಪು ಮಾಡಿರಲಿಲ್ಲ, ಇಂದೂ ಮಾಡಿಲ್ಲ.

ನಮ್ಮೂರಿನ ಕೆರೆ ಕೋಡಿಯ ಕೇದಾರೇಶ್ವರ ಗುಡಿಗೆ ಪ್ರವಾಸಿಗಳು ಬಂದು ಕಂಬದ ನುಣುಪು ನೋಡಿ ಹೋಗುತ್ತಾರೆ. ಅಲ್ಲಿದ್ದ ಕೋಡಿಮಠದ 1162ರ ಶಾಸನವನ್ನು ಒಮ್ಮೆ ಮೇಷ್ಟರ ಹತ್ತಿರ ಓದಿಸಿ ಕೇಳಿ. ವ್ಯಾಕರಣ, ವೇದ, ದರ್ಶನ ಕಲಿಸುತ್ತಿದ್ದ ಆ ಮಠ ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಕುಣಿಯುವವರಿಗೆ, ಊರೂರು ತಿರುಗುವ ಭಿಕ್ಷುಕರಿಗೆ ತಡೆಯಿಲ್ಲದೆ ಅನ್ನ ಕೊಡುವ ಜಾಗ, ರೋಗಿಗಳಿಗೆ ಔಷಧ ಕೊಡುವ ಜಾಗ, ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ ಎಂದು ಅದರಲ್ಲಿ ಕೆತ್ತಿದೆ. ಶಾಸನಗಳು ಹೊಗಳುವುದರಲ್ಲಿ ಕಮ್ಮಿಯಿಲ್ಲ, ನಡೆದದ್ದೆಲ್ಲ ಹಾಗೇ ಇತ್ತೋ ಹೇಳಲಾರೆ. ಆದರೆ ಇಂಥದ್ದು ಹೊಗಳಿಕೆಗೆ ಯೋಗ್ಯ ಎಂದಾದರೂ ಆ ಊರಿಗೆ ಅನ್ನಿಸಿತ್ತು. ಇನ್ನು ಅದೇ ಬಳ್ಳಿಗಾವಿಯ ಅಲ್ಲಮನ ಹೆಸರನ್ನು ಈಗ ಶಿವಮೊಗ್ಗದ ಹಳೇ ಜೈಲಿನ ಬಯಲಿಗೆ ಇಟ್ಟಿದ್ದಾರೆ. ಹೊಸ ಜೈಲಿನ ಗೋಡೆಯೊಳಗೆ ಮಾತು ಕೇಳುವವರ ಹುದ್ದೆ ಹೆಚ್ಚಿಸಿ ಅದಕ್ಕೆ ಅವನ ಹೆಸರಿಟ್ಟಿದ್ದರೆ ನನಗೆ ಇನ್ನೂ ಹಿತವಾಗುತ್ತಿತ್ತು.

ಏಟು ತಿಂದವರ ಮನೆಯೂ ಇದೇ ಊರಿನಲ್ಲಿದೆಯಲ್ಲ, ಅವರ ಗತಿಯೇನು ಎಂದು ನೀವು ಕೇಳದಿದ್ದರೂ ಅವರು ಕೇಳುತ್ತಾರೆ. ಕೇಳಬೇಕಾದದ್ದೇ. ನಾವು ಒಳಗೆ ಮಾಡುವ ಯಾವ ಕೆಲಸವೂ ಅವನು ಮಾಡಿದ್ದನ್ನು ಅಳಿಸುವುದಿಲ್ಲ. ಅವನು ತಾನು ಮಾಡಿದ್ದನ್ನು ಪೂರ್ತಿ ವಾಕ್ಯದಲ್ಲಿ, "ನಾನು" ಎಂದು ಶುರುಮಾಡಿ ಹೇಳುವಂತಾಗಲು ಕೆಲವೊಮ್ಮೆ ವರ್ಷಗಳೇ ಬೇಕಾಗುತ್ತವೆ. "ಏಟು ಬಿತ್ತು", "ಜಗಳ ಆಯ್ತು", "ಹಂಗಾಗಿ ಹೋಯ್ತು" ಅನ್ನುವುದರಿಂದ "ನಾನು ಹೊಡೆದೆ" ಅನ್ನುವವರೆಗಿನ ದಾರಿ ದೂರ. ಮನೆಯವರು "ನಮ್ಮ ಹುಡುಗ ಚಿನ್ನ, ಅವರೇ ಸಿಕ್ಕಿಸಿದ್ರು" ಎಂದು ಪ್ರತಿ ಭೇಟಿಯಲ್ಲೂ ಹೇಳುತ್ತಿದ್ದರೆ ಅವನು ಆ ದಾರಿಯಲ್ಲಿ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ನಿರಪರಾಧಿಗಳೂ ಒಳಗಿರುತ್ತಾರೆ. 2022ರ ಸರ್ಕಾರಿ ಲೆಕ್ಕದಲ್ಲೇ ದೇಶದ ಬಂದಿಗಳಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಜನ ತೀರ್ಪು ಬಾರದ ವಿಚಾರಣಾಧೀನರು. ಆದರೆ ಸತ್ಯ ಏನೆಂದು ನಿಮಗೂ ಅವನಿಗೂ ಗೊತ್ತಿರುವಾಗ ಬೇರೆ ಕಥೆ ಹೇಳಿಕೊಳ್ಳುವುದು ಬೇಡ.

ಭೇಟಿಗೆ ಬಂದಾಗ ಏನು ಮಾತಾಡಬೇಕು ಎಂದು ಕೇಳುತ್ತೀರಿ. ಸಿಗುವುದು ಕೆಲವೇ ನಿಮಿಷ. ಅದರಲ್ಲಿ ಅರ್ಧವನ್ನು ಕೇಸಿಗೆ, ಉಳಿದರ್ಧವನ್ನು ಅಳುವುದಕ್ಕೆ ಕೊಡಬೇಡಿ. ಎಮ್ಮೆ ಕರು ಹಾಕಿದ್ದು, ಅಡಿಕೆಗೆ ಕೊಳೆ ಬಂದದ್ದು, ಮಗಳ ಮಾರ್ಕ್ಸ್ ಕಾರ್ಡು, ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೆದವರು ಯಾರು, ದೀಪಾವಳಿ ಆದಮೇಲೆ ಹೋರಿ ಹಬ್ಬದಲ್ಲಿ ಯಾವ ಹೋರಿ ಕೊಬ್ಬರಿ ಹಾರ ಉಳಿಸಿಕೊಂಡು ಹೋಯಿತು, ಇದನ್ನೆಲ್ಲ ಹೇಳಿ. ಇವು ಹುಡುಗಾಟದ ಮಾತು ಅನ್ನಿಸಬಹುದು. ಒಳಗೆ ದಿನವೆಲ್ಲ ಒಂದೇ ಬಣ್ಣ. ಎಣಿಕೆ, ಊಟ, ಎಣಿಕೆ, ಬೀಗ. ನೀವು ಹೇಳಿದ ಹೋರಿಯ ಕಥೆಯನ್ನು ಅವನು ಬ್ಯಾರಕ್ಕಿನಲ್ಲಿ ನಾಲ್ಕು ದಿನ ಹೇಳುತ್ತಾನೆ. ಮನೆಯ ಒಂದು ಸಣ್ಣ ತೀರ್ಮಾನವನ್ನಾದರೂ ಅವನನ್ನು ಕೇಳಿ ಮಾಡಿ, ಕೊಟ್ಟಿಗೆಗೆ ಹೆಂಚೋ ಶೀಟೋ ಎಂಬಷ್ಟಾದರೂ.

ಮಕ್ಕಳಿಗೆ ಸುಳ್ಳು ಹೇಳಬೇಡಿ. ಏಳು ವರ್ಷದ ಕೂಸಿಗೆ "ಅಪ್ಪ ತಪ್ಪು ಮಾಡಿದಾನೆ ಅಂತ ಕೇಸಾಗಿದೆ, ಕೋರ್ಟಿನವರು ವಿಚಾರಿಸ್ತಿದಾರೆ, ಅಲ್ಲೀವರೆಗೆ ಅಲ್ಲಿರಬೇಕು, ಊಟ ಕೊಡ್ತಾರೆ, ನಿನ್ನಿಂದ ಆದದ್ದಲ್ಲ" ಎಂದರೆ ಸಾಕು. ಕೊನೆಯ ಮಾತು ಮರೆಯಬೇಡಿ, ತಮ್ಮಿಂದಲೇ ಆಯಿತು ಎಂದು ಮಕ್ಕಳು ನಂಬಿಬಿಡುತ್ತಾರೆ. ನೀವು ಹೇಳದಿದ್ದರೆ ಶಾಲೆಯಲ್ಲಿ ಬೇರೆ ಹುಡುಗರು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂದು ನಿಮಗೇ ಗೊತ್ತು.

ಒಳಗಿರುವವರೇ ಒಬ್ಬರಿಗೊಬ್ಬರು ಆಸರೆಯಾಗುವುದೂ ಉಂಟು. 1991ರಲ್ಲಿ ಇಂಗ್ಲೆಂಡಿನ ಪಕ್ಕದ ವೇಲ್ಸ್‌ನ ಸ್ವಾನ್ಸಿ ಜೈಲಿನಲ್ಲಿ, ಒಬ್ಬ ಹದಿಹರೆಯದ ಹುಡುಗ ಜೀವ ಕಳೆದುಕೊಂಡ ಮೇಲೆ, ಬಂದಿಗಳಿಗೇ ತರಬೇತಿ ಕೊಟ್ಟು ಬೇರೆ ಬಂದಿಗಳ ದುಃಖ ಕೇಳುವಂತೆ ಮಾಡಿದರು. ಆ ಏರ್ಪಾಡು ಆಮೇಲೆ ಅಲ್ಲಿನ ಜೈಲುಗಳಿಗೆಲ್ಲ ಹರಡಿತು. ನಮ್ಮಲ್ಲಿ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಬಂದಿಗಳಿಂದ ನಾಟಕ ಆಡಿಸಿ ಊರೂರಿಗೆ ಕರೆದೊಯ್ದದ್ದು ಎಲ್ಲರಿಗೂ ಗೊತ್ತು. ನಾಟಕದ ತಾಲೀಮಿನಲ್ಲಿ ಸಿಟ್ಟನ್ನು ಬೇಕೆಂದಾಗ ಏರಿಸಿ ಬೇಡವೆಂದಾಗ ಇಳಿಸುವುದನ್ನು ಕಲಿತ ಬಂದಿಯ ಜೊತೆ ಕೆಲಸ ಮಾಡುವುದು ನಮಗೆ ಬಹಳ ಸಲೀಸು. ಅಂಥ ಚಟುವಟಿಕೆಗೆ ಹೆಸರು ಕೊಡಲು ಅವನು ಹಿಂದೇಟು ಹಾಕುತ್ತಿದ್ದರೆ ನೀವು ಹುರಿದುಂಬಿಸಿ.

ಬಿಡುಗಡೆ ಅಥವಾ ಪೆರೋಲ್ ದಿನ ಸಮೀಪಿಸಿದಾಗ ನಿಮಗೆ ಸಂತೋಷ, ನಮಗೆ ಆತಂಕ. ಒಳಗೆ ಕುಡಿತ ಬಿಟ್ಟವನಿಗೆ ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲೇ ಹಳೇ ಗೆಳೆಯರು ಕಾದಿರುತ್ತಾರೆ. ಮೊದಲ ವಾರ ಮನೆಯಲ್ಲಿ ನೆಂಟರ ದಂಡು ಬೇಡ, ಮೆರವಣಿಗೆ, ಹಾರ ಮೊದಲೇ ಬೇಡ. ಎದುರು ಮನೆಯವರ ಕಣ್ಣೆದುರು ಪಟಾಕಿ ಹೊಡೆಯುವುದಂತೂ ಪಾಪ. ಅವನು ಬಾಗಿಲು ಹಾಕಿಕೊಂಡು ಮಲಗಲಾರ, ಇಲ್ಲವೇ ತೆರೆದಿಟ್ಟು ಮಲಗಲಾರ. ಊಟದ ತಟ್ಟೆ ಮುಂದೆ ಕೂತು ಯಾರಾದರೂ ತಿನ್ನು ಅನ್ನಲಿ ಎಂದು ಕಾಯುತ್ತಾನೆ. ಸ್ವಲ್ಪ ದಿನ ಹಾಗೇ ಇರುತ್ತದೆ. ನಡುಕ, ನಿದ್ರಾಹೀನತೆ, ಸಾಯುವ ಮಾತು ಕಂಡರೆ ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ. ನಡುರಾತ್ರಿಯಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗಾಗಿಯೂ ಆ ನಂಬರಿಗೆ ಮಾಡಬಹುದು.

ಮುಂದಿನ ಸಲ ಸೋಗಾನೆಗೋ ಬಳ್ಳಾರಿಗೋ ಪರಪ್ಪನ ಅಗ್ರಹಾರಕ್ಕೋ ಹೊರಡುವ ಮೊದಲು ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಅವನಿಗೆ ಯಾವ ಕಾಯಿಲೆ, ಯಾವ ಮಾತ್ರೆ, ಎಷ್ಟು ಕುಡಿಯುತ್ತಿದ್ದ, ಎಷ್ಟು ಹೊತ್ತಿಗೆ ಮಲಗಿ ಎಷ್ಟು ಹೊತ್ತಿಗೆ ಏಳುತ್ತಿದ್ದ, ಮೊದಲು ಯಾವತ್ತಾದರೂ ವಿಷ, ಹಗ್ಗ ಮುಟ್ಟಿದ್ದನೇ, ಮನೆಯಲ್ಲಿ ಯಾರ ಮಾತು ಕೇಳುತ್ತಾನೆ, ಯಾರ ಸುದ್ದಿ ಎತ್ತಿದರೆ ಉರಿದು ಬೀಳುತ್ತಾನೆ. ಕೆಳಗೆ ನಿಮ್ಮ ಫೋನ್ ನಂಬರು. ಅದನ್ನು ಜೈಲು ಆಸ್ಪತ್ರೆಯ ವೈದ್ಯರಿಗೆ ಅಥವಾ ಸಮಾಲೋಚಕರಿಗೆ ಕೊಡಿ ಎಂದು ಭೇಟಿ ಕೌಂಟರಿನಲ್ಲಿ ಕೇಳಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬರೆಯಲು ಬಾರದಿದ್ದರೆ ಮಗಳ ಕೈಲಿ ಬರೆಸಿ. ಅಪ್ಪ ಎಲ್ಲಿದ್ದಾನೆ ಎಂದು ಅವಳಿಗೆ ಅದಕ್ಕೆ ಮೊದಲು ಹೇಳಬೇಕಾಗುತ್ತದೆ, ಅಷ್ಟೇ.

ಇಂತಿ,
ನಿಮ್ಮೂರಿನ ಜೈಲು ಮೇಡಂ